ಅಪ್‌ಡೇಟ್: ಹೆಡ್ ಗ್ಯಾಸ್ಕೆಟ್ ಕೆಲಸದ ನಂತರ ನಿಂತಿದ್ದ ಕಾರು ಸ್ಟಾರ್ಟ್ ಆಯಿತು

ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಬದಲಿಸಿದ ಮೇಲೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಎಂಜಿನ್ ತಿರುಗುವುದೇ ಇಲ್ಲ ಅಂತ ಹೋದ ವಾರ ಕೇಳಿದ್ದೆ. ಬ್ಯಾಟರಿ 12.6 ವೋಲ್ಟ್ ಇತ್ತು, ಅಂದರೆ ಫುಲ್ ಚಾರ್ಜ್. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರೇ ಹೋಗಿದೆ ಅಂದುಕೊಂಡಿದ್ದೆ. ಮೊದಲು ಅರ್ತ್ (ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಮಲ್ಟಿಮೀಟರಿನ ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದೆ. ತಮ್ಮ ಕೀ ತಿರುಗಿಸಿದ. 4 ವೋಲ್ಟ್ ತೋರಿಸಿತು! ಅರ್ಧ ವೋಲ್ಟಿಗಿಂತ ಜಾಸ್ತಿ ಇರಬಾರದು, ಅಲ್ವಾ? ಅಂದರೆ ಅರ್ತ್ ದಾರಿಯಲ್ಲೇ ತೊಂದರೆ. ಟಾರ್ಚ್ ಬಿಟ್ಟು ನೋಡಿದರೆ, ಬಾಡಿಯಿಂದ ಎಂಜಿನ್ನಿಗೆ ಅಂಟಿಕೊಂಡಿರುವ ಗೇರ್‌ಬಾಕ್ಸಿಗೆ ಹೋಗುವ ತಾಮ್ರದ ಹೆಣೆದ ಅರ್ತ್ ಪಟ್ಟಿ ಏರ್ ಫಿಲ್ಟರ್ ಡಬ್ಬದ ಕೆಳಗೆ ಸುಮ್ನೆ ನೇತಾಡುತ್ತಿತ್ತು. ಗ್ಯಾರೇಜಿನವರು ಬೋಲ್ಟ್ ಹಾಕುವುದನ್ನೇ ಮರೆತಿದ್ದರು. ತುದಿಯ ಕಿಲುಬನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬೋಲ್ಟ್ ಹಾಕಿ ಬಿಗಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅದೇ ಅಳತೆ ಈಗ 0.2 ವೋಲ್ಟ್.