ಬಿಳಿಗಿರಿರಂಗನ ಬೆಟ್ಟ: ದೇವಸ್ಥಾನ, ಸಫಾರಿ, ಟ್ರೆಕ್ಕಿಂಗ್ ಮೂರೂ ಒಂದೇ ಸಲ ಆಗುತ್ತಾ?

ಸರಸ್ವತಿಪುರಂ ನಿವಾಸಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಆದರೂ ರಂಗನಾಥನ ದರ್ಶನ ಮಾಡಲೇಬೇಕು ಅಂತ ಬಹಳ ದಿನದಿಂದ ಹೇಳುತ್ತಿದ್ದಾರೆ. ಮಕ್ಕಳಿಗೆ ಆನೆ, ಹುಲಿ ನೋಡುವ ಆಸೆ. ನನಗೂ ನಮ್ಮ ಭಾವಮೈದನಿಗೂ ಕಾಡಿನಲ್ಲಿ ಸ್ವಲ್ಪ ದೂರ ನಡೆಯಬೇಕು. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬಂದರೆ ಇಷ್ಟೂ ಆಗುತ್ತಾ? ಯಾವ ದಾರಿ ಒಳ್ಳೆಯದು? ಹೋಗಿ ಬಂದವರು ದಯವಿಟ್ಟು ಹೇಳಿ.

ಯಳಂದೂರು ಕಡೆಯವ:
ಅಕ್ಕ, ಒಂದೇ ದಿನಕ್ಕೆ ಮೂರೂ ಆಗಲ್ಲ. ಗೇಟು ಸಂಜೆ ಮುಚ್ಚಿದರೆ ಮತ್ತೆ ಬೆಳಿಗ್ಗೆಯೇ ತೆಗೆಯುವುದು, ಕಾಡಿನೊಳಗಿನ ರಸ್ತೆಯಲ್ಲಿ ರಾತ್ರಿ ಓಡಾಡಲು ಬಿಡುವುದಿಲ್ಲ. ಒಂದು ರಾತ್ರಿ ಅಲ್ಲೇ ಉಳಿದುಕೊಳ್ಳಿ, ಅಮ್ಮನಿಗೂ ಸುಸ್ತಾಗುವುದಿಲ್ಲ.

ದಾರಿ ಎರಡಿವೆ. ಒಂದು ಟಿ. ನರಸೀಪುರ, ಯಳಂದೂರು, ಗುಂಬಳ್ಳಿ ಚೆಕ್‌ಪೋಸ್ಟ್ ಮೇಲೆ. ಇನ್ನೊಂದು ನಂಜನಗೂಡು, ಚಾಮರಾಜನಗರ, ಹೊಂಡರಬಾಳು ಗೇಟ್ ದಾಟಿ ಕೆ. ಗುಡಿ (ಕ್ಯಾತೆದೇವರ ಗುಡಿ) ಮೇಲೆ. ಎರಡನೆಯದರಲ್ಲಿ ಕಾಡು ಜಾಸ್ತಿ ಸಿಗುತ್ತದೆ. ಹೋಗುವಾಗ ಯಳಂದೂರು, ಬರುವಾಗ ಕೆ. ಗುಡಿ ಅಂತ ಇಟ್ಟುಕೊಂಡರೆ ಎರಡೂ ನೋಡಿದಂತಾಗುತ್ತದೆ. ಯಳಂದೂರಿನಲ್ಲಿ ಗೌರೀಶ್ವರ ದೇವಸ್ಥಾನದ ಬಳೆಮಂಟಪ ಇದೆ, ಕಲ್ಲಿನಲ್ಲೇ ಬಳೆ ಬಳೆ ಸೇರಿಸಿ ಕೆತ್ತಿದ ಸರಪಳಿ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಅಮ್ಮನ ಬಗ್ಗೆ ಚಿಂತೆ ಬೇಡ. ಗಾಡಿ ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ, ನಿಧಾನವಾಗಿ ಕೈ ಹಿಡಿದು ಹತ್ತಿಸಿ. ದೇವಸ್ಥಾನ ಬಿಳಿ ಬಂಡೆಯ ಅಂಚಿನ ಮೇಲೇ ಇದೆ, ಗಾಳಿ ಜೋರಾಗಿ ಬೀಸುತ್ತದೆ, ಒಂದು ಶಾಲು ಇರಲಿ.

ಮಕ್ಕಳಿಗೆ ಅಲ್ಲಿ ಸ್ವಾಮಿಯ ಚರ್ಮದ ಪಾದುಕೆ ತೋರಿಸಿ. ಬೂದಿಪಡಗ ಊರಿನವರು ಎರಡು ವರ್ಷಕ್ಕೊಮ್ಮೆ ಹೊಲಿದು ಒಪ್ಪಿಸುತ್ತಾರೆ. ರಂಗಪ್ಪ ಅದನ್ನು ಮೆಟ್ಟಿಕೊಂಡು ರಾತ್ರಿ ಕಾಡು ಸುತ್ತುತ್ತಾನೆ, ಅದಕ್ಕೇ ಸವೆಯುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಅವನು ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನಲ್ವಾ, ರಂಗಭಾವ ಅಂತಲೇ ಕರೆಯುತ್ತಾರೆ. ಈ ಕಥೆ ತಿಳಿದು ಹೋದರೆ ಬೆಟ್ಟ ಬೇರೆ ರೀತಿ ಕಾಣುತ್ತದೆ.

ಹಕ್ಕಿ ನೋಡುವವ, ಮೈಸೂರು:
ಮೇಲಿನವರು ಹೇಳಿದ್ದು ಸರಿ. ನಾನು ಕಾಡಿನ ವಿಷಯ ಮಾತ್ರ ಹೇಳುತ್ತೇನೆ.

ಮೇಡಂ, ಇದು 1974ರಿಂದ ಅಭಯಾರಣ್ಯ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಹಾಗಾಗಿ ಎಲ್ಲೋ ಗಾಡಿ ನಿಲ್ಲಿಸಿ ಒಂದು ಕಾಲುದಾರಿ ಹಿಡಿದು ನಡೆಯುವುದು ಇಲ್ಲಿ ಸಾಧ್ಯವೇ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ದಾರಿ ಗೊತ್ತಿರುವವರು ಬೇಕು. ಆನೆ ಹತ್ತು ಮಾರು ದೂರದಲ್ಲಿ ಬಿದಿರ ಮೆಳೆ ಹಿಂದೆ ನಿಂತಿದ್ದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಸೋಲಿಗರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸಿಬಿಡುತ್ತಾರೆ. ಹೊರಡುವ ಮೊದಲು ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿಕೊಳ್ಳಿ.

ಸಫಾರಿ ಕೆ. ಗುಡಿಯಿಂದ, ಬೆಳಿಗ್ಗೆ ಮತ್ತು ಸಂಜೆ. ಬೆಳಗಿನದು ನನಗೆ ಇಷ್ಟ. ಹುಲಿ ಕಂಡೇ ಕಾಣುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ, ಇಲ್ಲಿನ ಕಾಡು ದಟ್ಟ, ಬಂಡೀಪುರದಷ್ಟು ಬಯಲಿಲ್ಲ. ಕಾಟಿ, ಕಡವೆ, ಜಿಂಕೆ, ಅದೃಷ್ಟ ಇದ್ದರೆ ಸೀಳುನಾಯಿ ಹಿಂಡು. ಮರದ ಮೇಲೆ ಕೆಂಜಳಿಲು ನೋಡಿ, ಅದರ ಬಾಲವೇ ಮಕ್ಕಳ ಕೈಯಷ್ಟು ಉದ್ದ. ಹಕ್ಕಿಗಳಂತೂ ಇನ್ನೂರೈವತ್ತಕ್ಕೂ ಜಾಸ್ತಿ ಬಗೆ ಇವೆ. ಪೂರ್ವಘಟ್ಟ, ಪಶ್ಚಿಮಘಟ್ಟ ಎರಡನ್ನೂ ಜೋಡಿಸುವ ಬೆಟ್ಟಸಾಲು ಇದು, ಅದಕ್ಕೇ ಎರಡೂ ಕಡೆಯ ಜೀವಗಳು ಇಲ್ಲಿ ಸಿಗುತ್ತವೆ. ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ, ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಹುಡುಕುತ್ತಾರೆ.

ಮದ್ದೂರಿನವ:
ನನಗೆ ಅನ್ನಿಸುವುದು ಬೇರೆ. ನಡೆಯುವ ಆಸೆಯನ್ನು ಈ ಪ್ರವಾಸಕ್ಕೆ ತುರುಕಬೇಡಿ. ಅಮ್ಮ, ಮಕ್ಕಳು ರೂಮಿನಲ್ಲಿ ಕಾಯುತ್ತಾ ಕೂರಬೇಕು, ನೀವು ಅನುಮತಿಗೆ ಅಲೆಯಬೇಕು, ಯಾಕೆ ಸುಮ್ನೆ? ನಡಿಗೆಗೆ ನಮ್ಮ ಮಂಡ್ಯ ಜಿಲ್ಲೆಗೇ ಬನ್ನಿ. ಪಾಂಡವಪುರದ ಕುಂತಿಬೆಟ್ಟ ಇದೆ. ಮೇಲುಕೋಟೆಯಲ್ಲಿ ಯೋಗಾನರಸಿಂಹ ಸ್ವಾಮಿ ಬೆಟ್ಟ ಹತ್ತಿ, ಕೆಳಗೆ ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿಂದು ಸಂಜೆಗೆ ಮೈಸೂರು ಸೇರಬಹುದು. ಮೇಲುಕೋಟೆಯ ಕಾಡೂ 1974ರಲ್ಲೇ ಅಭಯಾರಣ್ಯ ಆಗಿದ್ದು, ತೋಳಗಳಿಗಾಗಿ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ.

ಸರಸ್ವತಿಪುರಂ ನಿವಾಸಿ:
ಎಲ್ಲರಿಗೂ ಧನ್ಯವಾದ. ಒಂದು ರಾತ್ರಿ ಉಳಿಯುವುದು ಅಂತ ತೀರ್ಮಾನ ಆಯಿತು, ಟ್ರೆಕ್ಕಿಂಗ್ ಮೇಲುಕೋಟೆಗೆ ಇಟ್ಟುಕೊಳ್ಳುತ್ತೇವೆ. ಆದರೆ ದೊಡ್ಡ ಸಂಪಿಗೆ ಮರದ ಬಗ್ಗೆ ಅಮ್ಮ ಕೇಳುತ್ತಿದ್ದಾರೆ. ಅಲ್ಲಿಗೆ ಹೋಗಬಹುದಾ?

ಯಳಂದೂರು ಕಡೆಯವ:
ಹೋಗಬಹುದು ಅಕ್ಕ, ಆದರೆ ಅದಕ್ಕೂ ಇಲಾಖೆಯ ಅನುಮತಿ ಕೇಳಬೇಕು. ಭಾರ್ಗವಿ ಹೊಳೆಯ ದಡದಲ್ಲಿದೆ. ಎಷ್ಟು ದೊಡ್ಡ ಮರ ಅಂದರೆ ಹತ್ತಿರ ನಿಂತು ತಲೆ ಎತ್ತಿದರೆ ತುದಿ ಕಾಣುವುದಿಲ್ಲ. ಬುಡದಲ್ಲಿ ಸಾಲಾಗಿ ಕಲ್ಲುಗಳಿವೆ, ಅವು ಸೋಲಿಗರ ದೇವರುಗಳು. ಚಪ್ಪಲಿ ದೂರ ಬಿಡಿ, ಕಲ್ಲು ಮುಟ್ಟಿ ಜರುಗಿಸುವುದು, ಮರದ ಮೇಲೆ ಹೆಸರು ಕೆತ್ತುವುದು ಬೇಡವೇ ಬೇಡ. ಫೋಟೊಗಾಗಿ ಬೇರಿನ ಮೇಲೆ ಹತ್ತಿ ನಿಲ್ಲುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ಒಬ್ಬರ ದೇವರ ಮನೆ ಅಕ್ಕ.

ಇನ್ನೊಂದು ವಿಷಯ. ಪೋಡುಗಳ (ಸೋಲಿಗರ ಹಾಡಿಗಳ) ಒಳಗೆ ಕೇಳದೆ ಹೋಗಿ ಮನೆ, ಮಕ್ಕಳ ಫೋಟೊ ತೆಗೆಯಬೇಡಿ. ಈ ಕಾಡಿನ ಮೇಲೆ ಸೋಲಿಗರ ಸಮುದಾಯ ಹಕ್ಕನ್ನು 2011ರಲ್ಲಿ ಸರ್ಕಾರವೇ ಒಪ್ಪಿದೆ, ಜೇನು, ನೆಲ್ಲಿಕಾಯಿ ಅವರ ಬದುಕು. ರಸ್ತೆ ಪಕ್ಕ ಲಂಟಾನ ಪೊದೆ ಎಷ್ಟು ತುಂಬಿದೆ ನೋಡುತ್ತೀರಿ. ಹಿಂದೆ ತಾವು ಹಾಕುತ್ತಿದ್ದ ತರಗುಬೆಂಕಿ (ಒಣಗಿದ ಎಲೆಗೆ ಹಚ್ಚುವ ಸಣ್ಣ ಬೆಂಕಿ) ನಿಲ್ಲಿಸಿದ ಮೇಲೆ ಅದು ಹೀಗೆ ಬೆಳೆಯಿತು ಅನ್ನುತ್ತಾರೆ ಅಲ್ಲಿನ ಹಿರಿಯರು. ಅವರ ಜೊತೆ ಕೂತು ಮಾತಾಡಿ, ಯಾವ ಗೈಡೂ ಹೇಳದಷ್ಟು ವಿಷಯ ಗೊತ್ತಾಗುತ್ತದೆ. ಅವರು ಬೆಳೆದ ಕಾಫಿ, ಅವರು ತೆಗೆದ ಜೇನು ಸಿಕ್ಕರೆ ಅವರಿಂದಲೇ ಕೊಳ್ಳಿ.

ಹಕ್ಕಿ ನೋಡುವವ, ಮೈಸೂರು:
ಹೌದು, ಮತ್ತೆ ಕೋತಿಗೆ ಏನೂ ಹಾಕಬೇಡಿ. ಆನೆ ಕಂಡರೆ ಹಾರನ್ ಬೇಡ, ದೂರದಲ್ಲೇ ನಿಲ್ಲಿಸಿ, ಕಿಟಕಿ ಏರಿಸಿ, ಅದು ದಾಟುವವರೆಗೆ ಕಾಯಿರಿ. ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ, ಹಸಿರು ಇನ್ನೂ ಉಳಿದಿರುತ್ತದೆ. ಸಂಕ್ರಾಂತಿ ಹೊತ್ತಿಗೆ ಚಿಕ್ಕ ಜಾತ್ರೆ ಇರುತ್ತದೆ, ಅಮ್ಮನಿಗೆ ನೂಕುನುಗ್ಗಲು ಆಗದಿದ್ದರೆ ಆ ದಿನಗಳನ್ನು ಬಿಟ್ಟು ಹೋಗಿ.

ಯಳಂದೂರು ಕಡೆಯವ:
ಪೆಟ್ರೋಲ್ ಯಳಂದೂರಿನಲ್ಲೇ ತುಂಬಿಸಿಕೊಳ್ಳಿ. ಅಮ್ಮನ ಮಾತ್ರೆ, ಕೈಯಲ್ಲಿ ಸ್ವಲ್ಪ ನಗದು ಇರಲಿ, ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ.