‘ಆಕ್ಯುಪೆಂಟ್’ಗೆ ‘ಒಕ್ಕಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹಸಿರು ಕಟ್ಟಡಗಳಲ್ಲಿ ಹಣ ಹೂಡುವವರಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸಸ್ಟೇನಬಲ್’ಗೆ ‘ಸುಸ್ಥಿರ’ ಎಂದು ಬರೆದು ಮುಂದೆ ಹೋದೆ. ಸಿಕ್ಕಿಬಿದ್ದಿದ್ದು ‘ಆಕ್ಯುಪೆಂಟ್’ ಹತ್ತಿರ. ಅಂದರೆ ಕಟ್ಟಡ ಯಾರದೇ ಇರಲಿ, ಅದರೊಳಗೆ ದಿನಾ ಇರುವವರು.

‘ಬಾಡಿಗೆದಾರ’ ಸಾಲದು. ಐಟಿ ಕಂಪನಿಯೊಂದು ನಾಲ್ಕು ಮಹಡಿ ಹಿಡಿದರೆ ಬಾಡಿಗೆದಾರ ಆ ಕಂಪನಿ. ಎಸಿಯನ್ನು 18ಕ್ಕೆ ಇಳಿಸಿ, ಆಮೇಲೆ ಸ್ವೆಟರ್ ಹಾಕಿಕೊಂಡು ಕೂರುವವರು ಬೇರೆ! ‘ನಿವಾಸಿ’ ಮನೆಗೆ ಸರಿ, ಆಫೀಸಿಗೆ ಒಗ್ಗದು. ‘ಬಳಕೆದಾರ’ ಅಂದರೆ ಮೊಬೈಲ್ ಆ್ಯಪ್ ನೆನಪಾಗುತ್ತದೆ. ಕಟ್ಟಿದ ಮೇಲೆ ಒಳಗೆ ಇರಲು ಅನುಮತಿ ಕೊಡುವ ಓಸಿಗೆ (ಆಕ್ಯುಪೆನ್ಸಿ ಸರ್ಟಿಫಿಕೇಟ್) ‘ಸ್ವಾಧೀನಾನುಭವ ಪತ್ರ’ ಅನ್ನುತ್ತಾರಲ್ಲ, ಆ ಜಾಡು ಹಿಡಿದರೆ ‘ಸ್ವಾಧೀನಾನುಭವಿ’. ಯಾವುದೋ ಮಠದ ಸ್ವಾಮಿಗಳ ಹೆಸರಿನಂತಿದೆ, ಅಲ್ವಾ?

ಸುಮ್ನೆ ಪದಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಿಲ್ಲ. ಆಸ್ಟ್ರೇಲಿಯಾದಲ್ಲಿ ‘ನೇಬರ್ಸ್’ ಎಂಬ ರೇಟಿಂಗ್ ಇದೆ. ನಕ್ಷೆ ನೋಡಿ ಅಲ್ಲ, ಕಟ್ಟಡ ನಿಜಕ್ಕೂ ಎಷ್ಟು ಕರೆಂಟ್ ತಿಂದಿತು ಎಂದು ಅಳೆದು ಸ್ಟಾರ್ ಕೊಡುತ್ತಾರೆ. ಅದರಲ್ಲಿ ಲಿಫ್ಟು, ಮೊಗಸಾಲೆಯ ದೀಪ, ಕೇಂದ್ರ ಎಸಿ ಮಾಲೀಕನ ಲೆಕ್ಕ. ಒಳಗಿನ ದೀಪ, ಕಂಪ್ಯೂಟರು ಒಳಗಿರುವವರ ಲೆಕ್ಕ. ಎರಡಕ್ಕೂ ಬೇರೆ ಬೇರೆ ರೇಟಿಂಗ್ ಉಂಟು. 2010ರ ಕಾನೂನಿನಿಂದ ಅಲ್ಲಿ ದೊಡ್ಡ ಆಫೀಸುಗಳನ್ನು ಮಾರುವಾಗ, ಬಾಡಿಗೆಗೆ ಕೊಡುವಾಗ ಈ ರೇಟಿಂಗ್ ತೋರಿಸಲೇಬೇಕು. ಹಾಗಾಗಿ ಒಳಗೆ ಕೂತವರ ಹೆಸರು ಕೈಪಿಡಿಯಲ್ಲಿ ಪುಟಪುಟಕ್ಕೂ ಬರುತ್ತದೆ.

ನನಗೆ ಹೊಳೆದದ್ದು ‘ಒಕ್ಕಲು’. ನಮ್ಮ ಕರಾವಳಿ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತೇವೆ. ಮನೆ ಕಟ್ಟಿಸಿದರೆ ಮುಗಿಯಲಿಲ್ಲ, ಒಕ್ಕಲಾಗಬೇಕು. ಧಣಿಗೆ ಒಕ್ಕಲು, ದೇವರಿಗೆ ಒಕ್ಕಲು ಎನ್ನುವುದೂ ಇದೆ. ಅಂದರೆ ಒಡೆತನ ಒಬ್ಬರದು, ಬದುಕು ನಡೆಸುವವರು ಇನ್ನೊಬ್ಬರು. ನನಗೆ ಬೇಕಾದ್ದು ಇದೇ. ಅಂದಹಾಗೆ ‘ಹೂಡಿಕೆ’ಯ ‘ಹೂಡು’ ಕೂಡ ಎತ್ತು ಕಟ್ಟಿ ನೇಗಿಲು ಹೂಡುವ ಮಾತೇ. ಎರಡು ಪದವೂ ಹೊಲದಿಂದ ಬಂದು ಟೆಕ್ ಪಾರ್ಕ್ ಸೇರಿದರೆ ನನಗಂತೂ ಖುಷಿ.

ನನ್ನ ಹೆಂಡತಿಯ ತಕರಾರು: ಮೈಸೂರು ಕಡೆಯವರಿಗೆ ಒಕ್ಕಲು ಅಂದರೆ ರೈತ, ಇಲ್ಲವೇ ಜಾತಿ. ನಾನು ಕೇಳಿದೆ, ಕೊಳೆಗೇರಿಯವರನ್ನು ‘ಒಕ್ಕಲೆಬ್ಬಿಸಿದರು’ ಎಂದು ಪೇಪರಿನಲ್ಲಿ ಓದುವಾಗ ಯಾರಾದರೂ ಬೇಸಾಯ ನೆನೆಯುತ್ತಾರಾ? ಎಬ್ಬಿಸುವಾಗ ಇರುವ ಒಕ್ಕಲು ಕೂರಿಸುವಾಗ ಯಾಕಿರಬಾರದು? ಅವಳು ಪೂರ್ತಿ ಒಪ್ಪಿಲ್ಲ. ‘ಒಕ್ಕಲುಗಳು ಫ್ಯಾನ್ ಆರಿಸಬೇಕು’ ಎಂದು ಓದಿ ತೋರಿಸಿ ನಕ್ಕಳು. ಅದು ಕಿವಿಗೆ ಸ್ವಲ್ಪ ವಿಚಿತ್ರ, ನಿಜ.

ಇನ್ನೊಂದು ಪದ, ‘ಸ್ಪ್ಲಿಟ್ ಇನ್ಸೆಂಟಿವ್’. ತಾರಸಿಗೆ ಬಿಸಿಲು ತಡೆಯುವ ಪದರ ಹಾಕಿಸುವ ಖರ್ಚು ಮಾಲೀಕನದು, ಕರೆಂಟ್ ಬಿಲ್ಲು ಕಮ್ಮಿಯಾಗುವುದು ಬಾಡಿಗೆಯವರಿಗೆ. ಹಾಗಾಗಿ ಮಾಲೀಕ ಹಾಕಿಸುವುದೇ ಇಲ್ಲ. ನೀರಿಗೆ ಮನೆಮನೆ ಮೀಟರ್ ಇಲ್ಲದ ಅಪಾರ್ಟ್‌ಮೆಂಟಿನಲ್ಲಿ ಇದೇ ಗಂಟು ತಿರುಗಾಮುರುಗಾ: ಒಬ್ಬರು ಜಾಸ್ತಿ ಸುರಿದರೂ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಅದಕ್ಕೆ ‘ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ’ ಸಾಕು. ಮೊದಲಿನದಕ್ಕೆ ‘ಇಬ್ಬಗೆ ಲಾಭ’ ಎಂದು ಬರೆದು ಹೊಡೆದುಹಾಕಿದೆ. ಎರಡು ಲಾಭ ಸಿಗುವಂತೆ ಕೇಳಿಸುತ್ತದೆ.

ಧಾರವಾಡ, ಕಲಬುರಗಿ ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ. ಬಾಡಿಗೆ ಕೊಡಲಿ ಬಿಡಲಿ, ಒಂದು ಕಟ್ಟಡದೊಳಗೆ ದಿನಾ ಇರುವವರನ್ನೆಲ್ಲ ಸೇರಿಸಿ ನಿಮ್ಮಲ್ಲಿ ಏನನ್ನುತ್ತೀರಿ?