ಮಗಳು ಓದಿದ ‘ಸಂಬಾಪಣೆ’ ಮತ್ತು ನಾವು ಕಟ್ಟುವ ದುಡ್ಡು

ಸಿಯಾಟಲ್‌ಗೆ ಹೊಸದಾಗಿ ಬಂದಿರುವ ತಂಗಿಯೊಬ್ಬರು ಕಳೆದ ವಾರ ನಮ್ಮ ಈ ಗುಂಪಿನಲ್ಲಿ ಕೇಳಿದ್ದರು: ಐದು ವರ್ಷದ ಮಗನ ಕಿವಿಗೆ ದಿನಾ ಒಂದಷ್ಟು ಕನ್ನಡ ಬೀಳಬೇಕು, ಇಂಟರ್ನೆಟ್‌ನಲ್ಲಿ ಚಿತ್ರ ತೋರಿಸುವ ಯಾವ ಸೇವೆಗೆ ಚಂದಾ ಕಟ್ಟಲಿ, ದುಬಾರಿ ಯೋಜನೆಯನ್ನೇ ತೆಗೆದುಕೊಳ್ಳಬೇಕೇ ಎಂದು. ನೀವೆಲ್ಲ ಬೆಲೆ ಹಾಕಿದಿರಿ, ಯಾವುದರಲ್ಲಿ ಕನ್ನಡ ಚಿತ್ರಗಳು ಹೆಚ್ಚು ಎಂದು ಬರೆದಿರಿ. ಅವೆಲ್ಲ ಬೇಕಾದ ಮಾಹಿತಿಯೇ. ಆದರೆ ದುಡ್ಡು ಕಟ್ಟಿದ ಮೇಲೆ ನಮ್ಮ ಮನೆಯ ಟಿವಿಗೆ ನಿಜವಾಗಿ ಬಂದು ಮುಟ್ಟುವ ಚಿತ್ರದ ಗುಣಮಟ್ಟ ಎಷ್ಟು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ನಾನು ಆ ಮಾತನ್ನು ಎತ್ತಲೇಬೇಕು, ಏಕೆಂದರೆ ನಾವು ಹದಿನಾಲ್ಕು ತಿಂಗಳು ಮೋಸಹೋಗಿದ್ದೇವೆ.

ನನ್ನ ಮಗಳಿಗೆ ಏಳು ವರ್ಷ. ಶನಿವಾರದ ಕನ್ನಡ ಶಾಲೆಯಲ್ಲಿ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಾಳೆ. ಚಿತ್ರ ಶುರುವಾಗುವಾಗ ತೆರೆಯ ಮೇಲೆ ಬರುವ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಶುಕ್ರವಾರ ರಾತ್ರಿ ನಮ್ಮ ಮನೆಯ ಆಟ. ಒಂದು ದಿನ ಅವಳು ‘ಸಂಬಾಪಣೆ’ ಎಂದು ಓದಿದಳು. ‘ಸಂಭಾಷಣೆ’ ಎಂದು ತಿದ್ದಿದೆ. ಮುಂದಿನ ವಾರ ಬೇರೆ ಚಿತ್ರ, ಮತ್ತೆ ‘ಸಂಬಾಪಣೆ’, ಜೊತೆಗೆ ‘ಚಾಯಾಗ್ರಹಣ’. ಹೊಟ್ಟೆ ಸೀಳಿದ ಷ ಯಾವುದು, ಮಹಾಪ್ರಾಣದ ಅಡಿಗೀರು ಎಲ್ಲಿರುತ್ತದೆ ಎಂದು ಎಷ್ಟು ಸಲ ಹೇಳಿಕೊಡಲಿ ಎಂದು ಗದರಿದೆ. ಅವಳು ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟು, “ಇಲ್ಲಿ ಗೀರು ಇಲ್ಲ, ಅಮ್ಮ” ಎಂದಳು. ಹತ್ತಿರ ಹೋಗಿ ನೋಡಿದೆ. ಇರಲಿಲ್ಲ. ಷ, ಪ ಎರಡೂ ಒಂದೇ ತರಹದ ಬೂದು ಮುದ್ದೆಯಾಗಿದ್ದವು. ಮಗು ಕಂಡದ್ದನ್ನು ಕಂಡಂತೆಯೇ ಓದಿತ್ತು. ಗದರಿದ್ದಕ್ಕೆ ಈಗಲೂ ಮನಸ್ಸು ಹಿಂಡುತ್ತದೆ.

ಅದೇ ಸಮಯದಲ್ಲಿ ನಮ್ಮ ಅತ್ತೆ ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿದ್ದರು. ಹೊರಡುವ ಮುನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಸಂಜೆ ಧಾರಾವಾಹಿ ನೋಡುತ್ತಾ, “ಕಣ್ಣು ಮತ್ತೆ ಮಂಜಾದ ಹಾಗಿದೆ, ಡಾಕ್ಟರಿಗೆ ತೋರಿಸೋಣವೇ?” ಎಂದು ಅಳುಕುತ್ತಲೇ ಕೇಳಿದರು. ಇಲ್ಲಿ ವೈದ್ಯರ ಖರ್ಚು ಎಷ್ಟೆಂದು ಗೊತ್ತಿದ್ದ ಆ ಜೀವ ಆ ಮಾತನ್ನು ಎಷ್ಟು ದಿನ ಒಳಗೇ ಇಟ್ಟುಕೊಂಡಿತ್ತೋ. ಕಣ್ಣಿಗೆ ಏನೂ ಆಗಿರಲಿಲ್ಲ.

ನಾವು ಕಟ್ಟುತ್ತಿದ್ದುದು ಒಂದು ಸೇವೆಯ ಅತಿ ದುಬಾರಿ ಯೋಜನೆಗೆ, 4ಕೆ (ಅತಿ ಸ್ಪಷ್ಟ ಚಿತ್ರ) ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಯೋಜನೆಗೆ. ಗ್ರಾಹಕ ಸೇವೆಗೆ ಮೂರು ಸಲ ಕರೆ ಮಾಡಿದೆ. ಮೂರು ಸಲವೂ ‘ನಿಮ್ಮ ಇಂಟರ್ನೆಟ್ ನಿಧಾನವಿರಬೇಕು, ರೂಟರ್ ಆರಿಸಿ ಹಾಕಿ’ ಎಂಬ ಒಂದೇ ಉತ್ತರ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದೇ ಸೆಕೆಂಡಿಗೆ 15 ಮೆಗಾಬಿಟ್ ವೇಗ. ನಮ್ಮ ಮನೆಯಲ್ಲಿ 300 ಇದೆ. ಕೊನೆಗೆ ಗೆಳತಿಯ ಮನೆಯಲ್ಲಿ ಅದೇ ಚಿತ್ರವನ್ನು ಅದೇ ಯೋಜನೆಯಲ್ಲಿ ನೋಡಿದಾಗ ಅಕ್ಷರಗಳು ಸೂಜಿಯಿಂದ ಕೊರೆದಂತೆ ಕಂಡವು. ಅವರ ಮನೆಗೂ ನಮ್ಮ ಮನೆಗೂ ಇದ್ದ ವ್ಯತ್ಯಾಸ ಇಂಟರ್ನೆಟ್‌ನಿಂದ ಚಿತ್ರ ತಂದು ಟಿವಿಗೆ ಕೊಡುವ, ಟಿವಿಯ ಹಿಂದಿನ ಪೆಟ್ಟಿಗೆ ಮಾತ್ರ.

ವಿಷಯ ಇಷ್ಟು. ಚಿತ್ರವನ್ನು ಕದ್ದು ನಕಲು ಮಾಡದಿರಲೆಂದು ಈ ಸೇವೆಗಳು ಅದಕ್ಕೆ ಬೀಗ ಹಾಕಿ ಕಳುಹಿಸುತ್ತವೆ. ಆಂಡ್ರಾಯ್ಡ್ ಸಾಧನಗಳಲ್ಲಿ ಆ ಬೀಗ ಗೂಗಲ್‌ನ ವೈಡ್‌ವೈನ್. ಬೀಗ ತೆಗೆಯುವ ಕೆಲಸ ಚಿಪ್ಪಿನೊಳಗಿನ ಭದ್ರ ಭಾಗದಲ್ಲಿ ನಡೆದರೆ ಅದು ಎಲ್1. ಬರೀ ತಂತ್ರಾಂಶದಲ್ಲಿ ನಡೆದರೆ ಎಲ್3. ಎಲ್3 ಸಾಧನಗಳಿಗೆ ಹೆಚ್ಚಿನ ಸೇವೆಗಳು 480ಪಿ (ಮೇಲಿನಿಂದ ಕೆಳಗೆ 480 ಸಾಲು ಚುಕ್ಕಿಗಳು) ಆಸುಪಾಸಿನ ಚಿತ್ರವನ್ನಷ್ಟೇ ಬಿಡುತ್ತವೆ, ನೀವು ಯಾವ ಯೋಜನೆಗೆ ಕಟ್ಟಿದ್ದರೂ ಸರಿ. 480ಪಿಯಲ್ಲಿ ಸುಮಾರು 4 ಲಕ್ಷ ಚುಕ್ಕಿಗಳಿದ್ದರೆ 4ಕೆಯಲ್ಲಿ ಸುಮಾರು 83 ಲಕ್ಷ. 20 ಪಟ್ಟು ವ್ಯತ್ಯಾಸ! ನಮ್ಮಲ್ಲಿ ಅನೇಕರ ಮನೆಯಲ್ಲಿರುವ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಎಲ್3 ಇರುವುದು ಸಾಮಾನ್ಯ. ಪೆಟ್ಟಿಗೆಯ ರಟ್ಟಿನ ಮೇಲೆ 4ಕೆ ಎಂದಿರುತ್ತದೆ. ಟಿವಿಯ ಮಾಹಿತಿ ಗುಂಡಿ ಒತ್ತಿದರೂ 2160 (4ಕೆಯ ಸಾಲುಗಳ ಸಂಖ್ಯೆ) ಎಂದೇ ತೋರಿಸುತ್ತದೆ, ಏಕೆಂದರೆ ಪೆಟ್ಟಿಗೆ ಆ ಸಣ್ಣ ಚಿತ್ರವನ್ನೇ ಹಿಗ್ಗಿಸಿ ಟಿವಿಗೆ ಕೊಡುತ್ತಿರುತ್ತದೆ. ಲ್ಯಾಪ್‌ಟಾಪ್ ಅನ್ನು ಟಿವಿಗೆ ಜೋಡಿಸಿ ನೋಡುವವರಿಗೂ ಇದೇ ಪಾಡು: ನೆಟ್‌ಫ್ಲಿಕ್ಸ್‌ನ 4ಕೆ ಚಿತ್ರ ಎಲ್ಲ ಬ್ರೌಸರ್‌ಗಳಲ್ಲೂ ಬರುವುದಿಲ್ಲ, ಕೇಬಲ್ಲಿನಿಂದ ಪರದೆಯವರೆಗೆ ಎಲ್ಲವೂ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆಯನ್ನು ಒಪ್ಪಬೇಕು.

ಬೀಗ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಚಿತ್ರ ಮಾಡಿದವರ ದುಡಿಮೆಗೆ ರಕ್ಷಣೆ ಬೇಕೇ ಬೇಕು, ಅದರಲ್ಲೂ ಕನ್ನಡದಂಥ ಸಣ್ಣ ಮಾರುಕಟ್ಟೆಯ ಚಿತ್ರಗಳಿಗೆ. ತಕರಾರು ಇರುವುದು ಮೌನದ ಬಗ್ಗೆ. ನಮ್ಮ ಪೆಟ್ಟಿಗೆ ಯಾವುದು, ಅದರ ಮಟ್ಟ ಎಷ್ಟು, ಅದಕ್ಕೆ ತಾವು ಕಳುಹಿಸುತ್ತಿರುವುದು ಏನು, ಎಲ್ಲವೂ ಆ ಸೇವೆಗೆ ಪ್ರತಿ ಕ್ಷಣ ಗೊತ್ತಿರುತ್ತದೆ. ಗೊತ್ತಿದ್ದೂ ಪ್ರತಿ ತಿಂಗಳು ದೊಡ್ಡ ಯೋಜನೆಯ ದುಡ್ಡನ್ನು ಕಾರ್ಡಿನಿಂದ ಎಳೆದುಕೊಳ್ಳುವುದು ನನ್ನ ಲೆಕ್ಕದಲ್ಲಿ ವಂಚನೆ. ‘ಗುಣಮಟ್ಟವು ಸಾಧನವನ್ನು ಅವಲಂಬಿಸಿರುತ್ತದೆ’ ಎಂಬ ಒಂದು ಸಾಲು ಸಹಾಯ ಪುಟದ ಯಾವುದೋ ಮೂಲೆಯಲ್ಲಿದ್ದರೆ ಅದು ತಿಳಿಸಿದಂತೆ ಆಗುವುದಿಲ್ಲ.

ಇದು ಹೊಸ ಚಾಳಿಯೂ ಅಲ್ಲ. ಎಟಿ ಆ್ಯಂಡ್ ಟಿ, ವೆರೈಝನ್ ಮೊಬೈಲ್ ಗ್ರಾಹಕರಿಗೆ ಐದು ವರ್ಷಕ್ಕೂ ಹೆಚ್ಚು ಕಾಲ ಸೆಕೆಂಡಿಗೆ 600 ಕಿಲೋಬಿಟ್‌ಗೆ ಮಿತಿಗೊಳಿಸಿದ ಚಿತ್ರವನ್ನು ಕಳುಹಿಸುತ್ತಿದ್ದುದಾಗಿ ನೆಟ್‌ಫ್ಲಿಕ್ಸ್ ಒಪ್ಪಿಕೊಂಡದ್ದು 2016ರ ಮಾರ್ಚ್‌ನಲ್ಲಿ. ಗ್ರಾಹಕರ ಡೇಟಾ ಮಿತಿ ಮೀರದಿರಲೆಂದು ಹಾಗೆ ಮಾಡಿದೆವು ಎಂದರು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಹೇಳಿ ಮಾಡಬಹುದಿತ್ತಲ್ಲ? 2024ರ ಜನವರಿ 29ರಂದು ಅಮೆಜಾನ್ ಪ್ರೈಮ್ ವಿಡಿಯೊ ಅಮೆರಿಕದಲ್ಲಿ ಜಾಹೀರಾತು ಶುರುಮಾಡಿತು, ಜಾಹೀರಾತು ಬೇಡವೆಂದರೆ ತಿಂಗಳಿಗೆ 2.99 ಡಾಲರ್ ಹೆಚ್ಚು ಕೊಡಿ ಎಂದಿತು. ಹೆಚ್ಚು ಕೊಡದವರಿಗೆ ಡಾಲ್ಬಿ ವಿಷನ್ ಎಂಬ ಉತ್ತಮ ಚಿತ್ರ ಮತ್ತು ಡಾಲ್ಬಿ ಅಟ್ಮೋಸ್ ಎಂಬ ಉತ್ತಮ ಧ್ವನಿ ಕೂಡ ಹೋದವು ಎಂಬುದನ್ನು ಜನರು ತಮ್ಮ ಟಿವಿ ನೋಡಿ ತಾವೇ ಕಂಡುಕೊಳ್ಳಬೇಕಾಯಿತು.

ಹೇಳಲು ಬರುವುದಿಲ್ಲವೆಂದಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಎಲ್ಲರೂ ಮನೆಯಲ್ಲಿ ಕುಳಿತಾಗ, ಯುರೋಪಿನಲ್ಲಿ 30 ದಿನ ಬಿಟ್‌ರೇಟ್ (ಸೆಕೆಂಡಿಗೆ ಕಳುಹಿಸುವ ಚಿತ್ರದ ಮಾಹಿತಿಯ ಪ್ರಮಾಣ) ಇಳಿಸುತ್ತೇವೆ, ಜಾಲದ ಮೇಲಿನ ಹೊರೆ ಶೇ 25ರಷ್ಟು ತಗ್ಗುತ್ತದೆ ಎಂದು ನೆಟ್‌ಫ್ಲಿಕ್ಸ್ ಬಹಿರಂಗವಾಗಿ ಪ್ರಕಟಿಸಿತು. ಭಾರತದಲ್ಲಿಯೂ ಮೊಬೈಲ್ ಜಾಲಗಳಲ್ಲಿ 480ಪಿ ಮೀರುವುದಿಲ್ಲ ಎಂದು ಕಂಪನಿಗಳು ಒಟ್ಟಾಗಿ ಹೇಳಿದವು. ಯಾರೂ ಗಲಾಟೆ ಮಾಡಲಿಲ್ಲ. ಕಾರಣ ತಿಳಿಸಿದರೆ ಜನ ಒಪ್ಪುತ್ತಾರೆ.

ಇಲ್ಲಿ ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಇಂಟರ್ನೆಟ್ ಕಂಪನಿಗಳು ಬೆಲೆ, ವೇಗ, ಡೇಟಾ ಮಿತಿಗಳನ್ನು ಆಹಾರದ ಪೊಟ್ಟಣದ ಮೇಲಿನಂಥ ಚೀಟಿಯಲ್ಲಿ ತೋರಿಸಲೇಬೇಕು ಎಂದು ದೂರಸಂಪರ್ಕ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ನಿಯಮ ಬಂದಿದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೇವಲ ಪರವಾನಗಿ ಕೊಡುತ್ತಿರುವಾಗ ಅದನ್ನು ತಿಳಿಸದೆ ಡಿಜಿಟಲ್ ವಸ್ತುವಿಗೆ ‘ಖರೀದಿಸಿ’ ಎಂಬ ಪದ ಬಳಸುವಂತಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಬೇಕು: ‘ಈ ಸಾಧನಕ್ಕೆ, ಈ ಚಿತ್ರಕ್ಕೆ, ಈಗ ಬರುತ್ತಿರುವುದು ಇಷ್ಟು’ ಎಂದು ಪರದೆಯ ಮೇಲೆಯೇ ಕಾಣಬೇಕು. ಅದೂ ಬರೀ 1080ಪಿ ಎಂದರೆ ಸಾಲದು, ಬಿಟ್‌ರೇಟ್ ಕೂಡ ಬೇಕು. ಯೂಟ್ಯೂಬ್ 2023ರಿಂದ ಹಣ ಕೊಟ್ಟವರಿಗೆ ಹೆಚ್ಚಿನ ಬಿಟ್‌ರೇಟ್‌ನ 1080ಪಿಯನ್ನೇ ಬೇರೆಯಾಗಿ ಕೊಡುತ್ತಿದೆ. ಒಂದೇ ಸಂಖ್ಯೆಯ ಹಿಂದೆ ಎರಡು ಚಿತ್ರಗಳಿರಬಹುದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಡಲ್ಲಾಸ್‌ನ ಅಣ್ಣ ಬರೆದಿದ್ದರು, ಮಕ್ಕಳು ಟಿವಿ ನೋಡುವುದೇ ಕಡಿಮೆಯಾಗಬೇಕು, ಗುಣಮಟ್ಟದ ಚಿಂತೆ ಏಕೆ ಎಂದು. ಕಡಿಮೆಯಾಗಬೇಕು, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ಚಿತ್ರ. ಆದರೆ ಅಣ್ಣ, ಊರಿನಲ್ಲಿ ಮಗು ಬಸ್ಸಿನ ಫಲಕ, ಅಂಗಡಿಯ ಹೆಸರು, ಗೋಡೆಯ ಬರಹ ಎಲ್ಲವನ್ನೂ ಓದುತ್ತಾ ಅಕ್ಷರ ಕಲಿಯುತ್ತದೆ. ಇಲ್ಲಿ ಬೀದಿಯಲ್ಲಿ ಕನ್ನಡವಿಲ್ಲ. ಪುಸ್ತಕ ಬಿಟ್ಟರೆ ನನ್ನ ಮಗಳಿಗೆ ಕನ್ನಡ ಅಕ್ಷರ ಕಾಣುವ ಜಾಗ ಆ ಪರದೆ ಮಾತ್ರ. ಇಂಗ್ಲಿಷ್ ಅಕ್ಷರ ಮಸುಕಾದರೂ ಓದಿಕೊಳ್ಳಬಹುದು. ಒಂದು ಗೀರಿನಿಂದ ದ ಧ ಆಗುವ, ಬ ಭ ಆಗುವ ನಮ್ಮ ಲಿಪಿ ಮಸುಕನ್ನು ತಾಳುವುದಿಲ್ಲ.

ನೀವು ಮಾಡಬಹುದಾದದ್ದು: ಆಂಡ್ರಾಯ್ಡ್ ಪೆಟ್ಟಿಗೆಯಿದ್ದರೆ ‘ಡಿಆರ್‌ಎಂ ಇನ್ಫೋ’ ಎಂಬ ಉಚಿತ ಆ್ಯಪ್ ಹಾಕಿ ವೈಡ್‌ವೈನ್ ಮಟ್ಟ ನೋಡಿ. ಕಂಪ್ಯೂಟರಿನಲ್ಲಿ ನೆಟ್‌ಫ್ಲಿಕ್ಸ್ ನೋಡುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಬರುತ್ತಿರುವ ಗುಣಮಟ್ಟ ಕಾಣುತ್ತದೆ. ಖಾತೆಯ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಡೇಟಾ ಬಳಕೆ ‘ಕಡಿಮೆ’ ಎಂದಿದೆಯೇ ಎಂಬುದನ್ನೂ ಪರೀಕ್ಷಿಸಿ; ಭಾರತದಲ್ಲಿದ್ದಾಗ ಇಟ್ಟದ್ದು ಹಾಗೇ ಉಳಿದಿರಬಹುದು. ಹಳೆಯ ಕನ್ನಡ ಚಿತ್ರಗಳಲ್ಲಿ ಅನೇಕಕ್ಕೆ ಒಳ್ಳೆಯ ಪ್ರತಿಯೇ ಇಲ್ಲ, ಅದಕ್ಕೆ ಸೇವೆಯನ್ನು ದೂರಬೇಡಿ. ಉಳಿದದ್ದಕ್ಕೆ ಬರೆದು ದೂರಿ, ಬರೀ ಫೋನ್ ಬೇಡ. ಅಮೆರಿಕದವರು ಗ್ರಾಹಕರ ದೂರು ಕೇಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ ಬರೆಯಬಹುದು. ಬ್ರಿಟನ್ನಿನವರ ಕೈಯಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ: ಡಿಜಿಟಲ್ ವಸ್ತು ಹೇಳಿದ ಹಾಗೆಯೇ ಇರಬೇಕು ಎನ್ನುತ್ತದೆ. ನಾನು ಬರೆದೆ. ಎರಡು ತಿಂಗಳ ಹಣ ಮರಳಿತು, ಹನ್ನೆರಡು ತಿಂಗಳದ್ದು ಇನ್ನೂ ಬರಬೇಕು. ಬಿಡುವುದಿಲ್ಲ.

ನಿಮ್ಮ ಮನೆಯ ಸಾಧನದ ಹೆಸರು, ನೋಡಿದ ಕನ್ನಡ ಚಿತ್ರ, ಬಂದ ಗುಣಮಟ್ಟ, ಇಷ್ಟನ್ನು ಇಲ್ಲಿ ಬರೆದು ಹಾಕಿ. ಭಾನುವಾರ ರಾತ್ರಿ ಒಟ್ಟುಗೂಡಿಸಿ ಪಟ್ಟಿ ಮಾಡುತ್ತೇನೆ, ಹೊಸದಾಗಿ ಬರುವವರಿಗೆ ಕೊಡಲು.

ಸಿಯಾಟಲ್‌ನ ತಂಗಿ, ನಿಮಗೆ ಉತ್ತರ: ಮೊದಲು ಒಂದೇ ತಿಂಗಳಿಗೆ ಮಧ್ಯದ ಯೋಜನೆ ತೆಗೆದುಕೊಳ್ಳಿ, ವರ್ಷದ ಚಂದಾ ಬೇಡ. ಇತ್ತೀಚಿನ ಯಾವುದಾದರೂ ಕನ್ನಡ ಚಿತ್ರ ಹಾಕಿ, ‘ಸಂಭಾಷಣೆ’ ಎಂದು ಬಂದಾಗ ನಿಲ್ಲಿಸಿ, ಷ ಅಕ್ಷರದ ಹೊಟ್ಟೆಯೊಳಗಿನ ಗೀರು ಕಾಣುತ್ತದೆಯೇ ಎಂದು ಮಗನನ್ನೇ ಕೇಳಿ.